ನಡುವಿನ ಸೀಟಿನ ಮೂಟೆಯಕ್ಕ

ಆರು ತಿಂಗಳ ಹಿಂದೆ ಒಂದು ಸಣ್ಣ ಕಾರಿನ ಬ್ರೇಕು ಪರೀಕ್ಷೆ ಮಾಡುವಾಗ ಹಿಂದಿನ ಸೀಟಿನ ನಡುವೆ ಕೂತಿದ್ದ ಹೆಂಗಸಿನ ಬೆನ್ನುಮೂಳೆ ಮುರಿಯಿತು. ಆ ಸೀಟಿನಲ್ಲಿದ್ದದ್ದು ಮರಳಿನ ಚೀಲ ಎಂದು ಪರೀಕ್ಷೆಯ ವರದಿಯಲ್ಲಿ ಬರೆದಿದೆ. ಈಗ ಆ ಜಾಗದಲ್ಲಿ ಆಕೆಯ ಅತ್ತಿಗೆ ಕೂರುತ್ತಾರೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನಗಳು ಬಿಟ್ಟುಹೋಗಿ ಎಷ್ಟೋ ಕಾಲವಾದ ಓಡುದಾರಿಯ ಮೇಲೆ ಆ ಅತ್ತಿಗೆ ಉದ್ದ ಹಿಡಿಕೆಯ ಪೊರಕೆ ಹಿಡಿದು ಕಲ್ಲು ಗುಡಿಸುತ್ತಿದ್ದಾರೆ. ಇಲ್ಲಿ ಎಲ್ಲರೂ ಅವರನ್ನು ಮೂಟೆಯಕ್ಕ ಅನ್ನುತ್ತಾರೆ. ವಯಸ್ಸು ನಲವತ್ತರ ಆಚೆ, ಮೈ ಪೊರಕೆಯ ಹಿಡಿಕೆಗಿಂತ ತುಸು ದಪ್ಪ. ಕೆನ್ನೆ ಒಳಗೆ ಹೋಗಿದೆ. ಗುಡಿಸುತ್ತಾ ಗುಡಿಸುತ್ತಾ ಒಂದು ಜಾಗಕ್ಕೆ ಬಂದು ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಮತ್ತೆ ಗುಡಿಸುತ್ತಾರೆ. ಹಳದಿ ಬಣ್ಣದಲ್ಲಿ ಅಡ್ಡಗೆರೆ ಎಳೆದಿರುವ ಜಾಗ ಅದು. ನೂರರ ವೇಗದಲ್ಲಿ ಬರುವ ಕಾರು ಬ್ರೇಕು ಹಾಕುವುದು ಅಲ್ಲಿಂದ.

“ಉಳಿದ ಕಡೆ ಒಂದು ಸಲ ಗುಡಿಸಿದ್ರೆ ಸಾಕು. ಇಲ್ಲಿ ಎರಡು ಸಲ,” ಅನ್ನುತ್ತಾರೆ. “ಒಂದು ಹರಳು ಚಕ್ರದ ಕೆಳಗೆ ಸಿಕ್ಕಿದ್ರೂ ಗಾಡಿ ಜಾರುತ್ತೆ ಅಂತಾರೆ. ನನ್ನ ಹಾಸಿಗೆ ನಾನೇ ಕೊಡವಿ ಹಾಸ್ಕೊಂಡ ಹಾಗೆ ಅನ್ಕೊಳ್ಳಿ.”

ಓಡುದಾರಿಯ ಅಂಚಿನಲ್ಲಿ ಎರಡು ಕಾರುಗಳು ನಿಂತಿವೆ. ಒಂದು ಬಿಳಿ, ಒಂದು ನೀಲಿ. ಮೆರೆಯುವವರ ಕಾರುಗಳಲ್ಲ, ಮಕ್ಕಳನ್ನು ಶಾಲೆಗೆ ಬಿಡುವ, ಸಂತೆಯಿಂದ ತರಕಾರಿ ತರುವ, ಯಾವಾಗಲೋ ಒಮ್ಮೆ ನೆಂಟರ ಮನೆಗೆ ಐದು ಜನರನ್ನು ತುರುಕಿಕೊಂಡು ಹೊರಡುವ ಕಾರುಗಳು. ಬೆಲೆಯೂ ಹತ್ತಿರ ಹತ್ತಿರ. ಬಿಳಿಯದಕ್ಕೆ ಹಳೇ ನಮೂನೆಯ ತುಸು ದೊಡ್ಡ ಎಂಜಿನ್ ಇದೆ. ನೀಲಿಯದರ ಎಂಜಿನ್ ಸಣ್ಣದು, ಆದರೆ ಅದಕ್ಕೆ ಗಾಳಿ ಒತ್ತಿ ಬಲ ಹೆಚ್ಚಿಸುವ ಟರ್ಬೊ ಕೂರಿಸಿದ್ದಾರೆ. ಯಾವುದು ಬೇಗ ವೇಗ ಹಿಡಿಯುತ್ತದೆ, ಯಾವುದು ಬೇಗ ನಿಲ್ಲುತ್ತದೆ, ಮನೆಮಂದಿಯನ್ನೆಲ್ಲ ಹೊತ್ತುಕೊಂಡು ಒಂದು ಲಾರಿಯನ್ನು ಹಿಂದೆ ಹಾಕಲು ಯಾವುದಕ್ಕೆ ಹೆಚ್ಚು ಉಸಿರಿದೆ ಎಂದು ಅಳೆದು ಕೊಡುವುದೇ ಈ ಸಂಸ್ಥೆಯ ಕಸುಬು. ಕಾರು ಕೊಳ್ಳುವ ಮುಂಚೆ ಅಂಥ ಹೋಲಿಕೆಗಳನ್ನು ನೀವೂ ಓದಿರುತ್ತೀರಿ. ‘ಪೂರ್ಣ ಭಾರದೊಂದಿಗೆ’ ಎಂದು ಅದರಲ್ಲಿ ಒಂದು ಕಡೆ ಬರೆದಿರುತ್ತದೆ. ಆ ಭಾರಕ್ಕೆ ಬಾಯಾರುತ್ತದೆ, ಆ ಭಾರಕ್ಕೆ ಮನೆಯಲ್ಲಿ ಕಾಯುವವರಿದ್ದಾರೆ ಎಂದು ಯಾರೂ ಬರೆಯುವುದಿಲ್ಲ.

ಗುಡಿಸಿ ಮುಗಿದ ಮೇಲೆ ತೂಕ. ಗೋದಾಮುಗಳಲ್ಲಿ ಕಾಳಿನ ಚೀಲ ತೂಗುವಂಥ ಯಂತ್ರ ಶೆಡ್ಡಿನ ಮೂಲೆಯಲ್ಲಿದೆ. ಅದರ ಮೇಲೆ ಮೂವರು ಒಬ್ಬೊಬ್ಬರಾಗಿ ಹತ್ತುತ್ತಾರೆ. ಮೊದಲು ಹಮಾಲಣ್ಣ, ಬದುಕಿಡೀ ಮೂಟೆ ಹೊತ್ತು ಈಗ ತಾನೇ ಮೂಟೆಯಾಗಿರುವ ಮುದುಕ. ಆಮೇಲೆ ಡ್ರಮ್ಮು, ಹಿಂದೆ ಪಾತ್ರೆ ಮಾರುತ್ತಿದ್ದ, ಹೊಟ್ಟೆ ಮುಂದಿಟ್ಟುಕೊಂಡು ನಡೆಯುವ ಆಸಾಮಿ. ಕೊನೆಗೆ ಮೂಟೆಯಕ್ಕ. ಕೆಲಸಕ್ಕೆ ಸೇರಿದ ದಿನ ಯಾರು ಎಷ್ಟು ತೂಗುತ್ತಿದ್ದರೋ ಅಷ್ಟೇ ಇವತ್ತೂ ತೂಗಬೇಕು. ಕಡಿಮೆ ಬಿದ್ದರೆ ನಟ್ಟು ಬೋಲ್ಟು ತುಂಬಿದ ಒಂದು ಬಟ್ಟೆಯ ಚೀಲ ಕೊಟ್ಟು ತೂಕ ಸರಿ ಮಾಡುತ್ತಾರೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು.

ಯಂತ್ರದ ಮುಳ್ಳು ನೋಡಿ ಸೂಪರ್‌ವೈಸರ್ ನಾಲಿಗೆ ಲೊಚಗುಟ್ಟುತ್ತಾರೆ.

“ಮತ್ತೆ ಇಳಿದಿದ್ದೀಯಲ್ಲ ಮೂಟೆ. ಸರಿಯಾಗಿ ಉಣ್ಣು ಅಂತ ಎಷ್ಟು ಸಲ ಹೇಳೋದು? ನಿನಗೆ ಹಾಕಿ ಹಾಕಿ ನಮ್ಮ ಗ್ಯಾರೇಜಲ್ಲಿ ಬೋಲ್ಟೇ ಉಳಿದಿಲ್ಲ.”

“ಉಣ್ತೀನಿ ಸಾರ್. ಒಳಗೆ ಇಳಿಯಲ್ಲ.”

“ಮದುವೆ ಮಾಡ್ಕೊಳ್ಳೋ ವಯಸ್ಸಾ ನಿಂದು, ತೆಳ್ಳಗಾಗೋಕೆ?” ಡ್ರಮ್ಮು ಹಲ್ಲು ಕಿರಿಯುತ್ತಾನೆ.

“ನೀನು ಉಣ್ಣೋದ್ರಲ್ಲಿ ಅರ್ಧ ನನಗೆ ಕೊಟ್ಟಿದ್ರೆ ಈ ಚೀಲವೇ ಬೇಡವಾಗಿತ್ತು,” ಎಂದು ಮೂಟೆಯಕ್ಕ ಮೇಲಿಂದಲೇ ಉತ್ತರ ಕೊಡುತ್ತಾರೆ. ಹಮಾಲಣ್ಣ ನಗುತ್ತಾನೆ. ಸೂಪರ್‌ವೈಸರ್ ಚೀಲಕ್ಕೆ ಇನ್ನೊಂದು ಹಿಡಿ ಬೋಲ್ಟು ಹಾಕುತ್ತಾರೆ.

ಮೊದಮೊದಲು ಅವರಿಗೆ ಚೀಲವೇ ಇರಲಿಲ್ಲ. ಈಗ ಅದು ಕೈಗೂಸಿನಷ್ಟು ಭಾರವಿದೆ, ಎತ್ತಿಕೊಳ್ಳುವ ರೀತಿಯೂ ಹಾಗೆಯೇ. ಹೆದರಿಕೆ ಮೈಯನ್ನು ತಿನ್ನುತ್ತದೆ, ತಿಂದದ್ದನ್ನು ಕಬ್ಬಿಣ ತುಂಬಿಕೊಡುತ್ತದೆ. ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬೆನ್ನು ಮುರಿದುಕೊಂಡ ನಾದಿನಿಯ ತೊಡೆಯ ಮೇಲೂ ಅಂಥದೇ ಚೀಲವಿತ್ತು. ಬೆಲ್ಟು ಚೀಲದ ಮೇಲೆ ಬಿಗಿದಿತ್ತು. ಬ್ರೇಕು ಬಿದ್ದಾಗ ಚೀಲ ಬೆಲ್ಟಿನಡಿಯಿಂದ ಜಾರಿ ಮುಂದಕ್ಕೆ ಹಾರಿತು, ಬೆಲ್ಟು ಸಡಿಲಾಯಿತು, ಆಕೆಯ ಮೈ ನಡುವಿನಲ್ಲಿ ಚಾಕುವಿನಂತೆ ಮಡಚಿಕೊಂಡಿತು.

ಮನುಷ್ಯರನ್ನೇ ಯಾಕೆ ಕೂರಿಸಬೇಕು? ಶೆಡ್ಡಿನಲ್ಲಿ ಮರಳಿನ ಚೀಲಗಳು ಇಲ್ಲದಿಲ್ಲ. ಮುಂದಿನ ಸೀಟಿಗೆ, ಅಳತೆಯ ಯಂತ್ರದ ಪಕ್ಕ, ಒಂದು ಚೀಲ ಹಾಕಿಯೂ ಇದ್ದಾರೆ. ಆದರೆ ಎರಡು ಕಾರುಗಳನ್ನು ಹೋಲಿಸಬೇಕಾದರೆ ಒಂದರಲ್ಲಿ ಓಡಿಸಿದ ತೂಕವನ್ನೇ ಇನ್ನೊಂದರಲ್ಲೂ ಓಡಿಸಬೇಕು, ಅದೂ ಬಿಸಿಲು ಏರಿ ಗಾಳಿ ಬದಲಾಗುವ ಮುಂಚೆ. ಮೂರು ಜನರ ತೂಕದ ಮರಳನ್ನು ಎತ್ತಿ ಇಳಿಸಲು ಆಳು ಬೇಕು, ಹೊತ್ತು ಬೇಕು. ಚೀಲ ಸೋರಿದರೆ ಹೊಸ ಸೀಟು ಹಾಳು. “ಇವರಾದ್ರೆ ತಾವೇ ಇಳಿದು ತಾವೇ ಹತ್ತುತ್ತಾರೆ,” ಎಂದು ಸೂಪರ್‌ವೈಸರ್ ಯಾವ ಮುಚ್ಚುಮರೆಯೂ ಇಲ್ಲದೆ ಹೇಳುತ್ತಾರೆ. ಜೊತೆಗೆ ಒಂದು ಬುದ್ಧಿಮಾತು: “ಪೇಪರ್‌ನೋರು ಕಾರಿನ ಬಗ್ಗೆ ಬರೀರಿ ಸಾರ್, ಜನ ಓದ್ತಾರೆ. ಗುಡಿಸೋರ ಬಗ್ಗೆ ಬರೆಯೋಕೆ ಏನಿದೆ?”

ಗುಡಿಸುವವರು. ಸಂಸ್ಥೆಯ ಪುಸ್ತಕದಲ್ಲಿ ಈ ಮೂವರ ಕೆಲಸ ಅಷ್ಟೇ. ಕಾರು ಹತ್ತಿದ ಕ್ಷಣದಿಂದ ಇಳಿಯುವ ತನಕ ಅವರು ಎಲ್ಲಿಯೂ ಇಲ್ಲ.

ಮೊದಲ ಸರದಿ ನೀಲಿ ಕಾರಿನದು. ಹಮಾಲಣ್ಣ ಎಡಕ್ಕೆ, ಡ್ರಮ್ಮು ಬಲಕ್ಕೆ, ನಡುವೆ ಮೂಟೆಯಕ್ಕ. ಚಾಲಕ ಕನ್ನಡಿ ಸರಿಮಾಡಿಕೊಂಡು ಎಂಜಿನ್ ಗರ್ಜಿಸುವಂತೆ ಮಾಡುತ್ತಾನೆ. ಕಾರು ಕ್ಷಣಕಾಲ ಅನುಮಾನಿಸಿದಂತೆ ನಿಂತು, ಆಮೇಲೆ ಹಾರುತ್ತದೆ. ಓಡುದಾರಿಯ ತುದಿಯಲ್ಲಿ ಅದು ಚುಕ್ಕೆಯಾಗುತ್ತದೆ, ತಿರುಗುತ್ತದೆ, ಗಾಳಿಗೆ ಎದುರಾಗಿ ಇನ್ನೊಂದು ಸಲ ಓಡಿ ಬರುತ್ತದೆ. ನಿಂತಲ್ಲಿಂದ ನೂರರ ವೇಗಕ್ಕೆ ಹನ್ನೆರಡು ಸೆಕೆಂಡು. ನಲವತ್ತರಿಂದ ಎಂಬತ್ತಕ್ಕೆ ಎಷ್ಟು, ಅರವತ್ತರಿಂದ ನೂರಕ್ಕೆ ಎಷ್ಟು ಎಂದು ಮತ್ತೆ ಮತ್ತೆ. ಕೊನೆಗೆ ಬ್ರೇಕು. ಹಳದಿ ಗೆರೆಯ ಬಳಿ ಟೈರು ಕಿರುಚಿ, ಕಾರಿನ ಮೂತಿ ನೆಲಕ್ಕೆ ಬಾಗಿ, ಹಿಂದಿನ ಗಾಜಿನಲ್ಲಿ ಮೂರು ತಲೆಗಳು ಒಟ್ಟಿಗೆ ಮುಂದಕ್ಕೆ ಬಿದ್ದು ಒಟ್ಟಿಗೆ ಹಿಂದಕ್ಕೆ ಬರುತ್ತವೆ.

ಇಳಿದು ಬಂದಾಗ ಮೂಟೆಯಕ್ಕನ ತುಟಿ ಬಿಳಿಚಿಕೊಂಡಿದೆ. ನೀರು ಕುಡಿಯುವ ಹಾಗಿಲ್ಲ. ಬಿಳಿ ಕಾರಿನ ಸರದಿ ಮುಗಿಯುವವರೆಗೂ ಯಾರೂ ಕುಡಿಯುವಂತಿಲ್ಲ, ಮೂತ್ರಕ್ಕೂ ಹೋಗುವಂತಿಲ್ಲ, ತೂಕ ಬದಲಾಗುತ್ತದೆ. ಹಿಂದೊಮ್ಮೆ ಡ್ರಮ್ಮು ಎರಡು ಕಾರುಗಳ ನಡುವೆ ಕದ್ದು ಒಂದು ಬಾಟಲಿ ನೀರು ಪೂರ್ತಿ ಕುಡಿದುಬಿಟ್ಟಿದ್ದ. ಯಂತ್ರದ ಮೇಲೆ ಹತ್ತಿಸಿದಾಗ ಮುಳ್ಳು ಆಡಿಬಿಟ್ಟಿತು. ಬೆಳಗಿನಿಂದ ಮಾಡಿದ್ದೆಲ್ಲ ಲೆಕ್ಕಕ್ಕಿಲ್ಲ ಎಂದು ಮೊದಲ ಕಾರಿನ ಅಷ್ಟೂ ಓಟ, ಅಷ್ಟೂ ಬ್ರೇಕು ಇನ್ನೊಂದು ಸಲ ಮಾಡಿಸಿದರು. ಅವನನ್ನು ಯಾರೂ ಬಯ್ಯಲಿಲ್ಲ. ಆ ದಿನದಿಂದ ಅವನೇ ಉಳಿದಿಬ್ಬರ ಬಾಟಲಿಗಳನ್ನು ಬೆಳಿಗ್ಗೆ ಇಸಿದುಕೊಂಡು ತನ್ನ ಚೀಲದಲ್ಲಿ ಹಾಕಿ ಗಂಟು ಬಿಗಿಯುತ್ತಾನೆ.

“ನೀಲಿದು ಮೊದ್ಲು ಸುಮ್ಮನೆ ಇರುತ್ತೆ. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ,” ಎಂದು ಮೂಟೆಯಕ್ಕ ಎರಡು ಕಾರುಗಳ ವ್ಯತ್ಯಾಸ ಹೇಳುತ್ತಾರೆ. “ಬಿಳಿದು ಹಾಗಲ್ಲ, ಹೊರಟ ತಕ್ಷಣ ಎಳೀತಾ ಹೋಗುತ್ತೆ. ಆದ್ರೆ ನಾವು ಮೂರು ಜನ ಕೂತ್ರೆ ಅದಕ್ಕೆ ಏದುಸಿರು. ನೂರಾಗೋದೇ ಇಲ್ಲ, ಆಗೋದೇ ಇಲ್ಲ ಅನ್ಸುತ್ತೆ. ಓದೋರಿಗೆ ನೀಲಿದು ಗೆದ್ದ ಹಾಗೆ. ನನಗೆ ಯಾವುದು ಗೆದ್ರೇನು. ನಾನು ನೋಡೋದು ಬೆಲ್ಟು.”

ನೀಲಿ ಕಾರಿನ ನಡುವಿನ ಸೀಟಿನಲ್ಲಿ ಹೆಗಲ ಮೇಲಿಂದ ಬರುವ ಬೆಲ್ಟಿದೆ. ಬಿಳಿಯದರಲ್ಲಿ ಸೊಂಟಕ್ಕೆ ಮಾತ್ರ. ನಾದಿನಿ ಕೂತಿದ್ದ ಕಾರಿನಲ್ಲೂ ಸೊಂಟಕ್ಕೆ ಮಾತ್ರ ಇತ್ತು. ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಬರೆಯುವ ಹೋಲಿಕೆಗಳಲ್ಲಿ ಎಂಜಿನ್ನಿಗೆ ಒಂದು ಪುಟ, ಹಾಡು ಕೇಳುವ ಪೆಟ್ಟಿಗೆಗೆ ಅರ್ಧ ಪುಟ ಇರುತ್ತದೆ. ನಡುವಿನ ಸೀಟಿಗೆ ಒಂದು ಸಾಲು ಸಿಕ್ಕರೆ ಪುಣ್ಯ. ಮನೆಯಲ್ಲಿ ಆ ಸೀಟಿನಲ್ಲಿ ಯಾರನ್ನು ಕೂರಿಸುತ್ತೀರಿ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಎಲ್ಲರಿಗಿಂತ ಸಣ್ಣ ಮೈಯವರನ್ನು, ಎದುರಾಡದವರನ್ನು.

ಬ್ರೇಕು ಹಾಕುವ ಮುಂಚೆ ಚಾಲಕ ಹೇಳುವಂತಿಲ್ಲ. ಹೇಳಿದರೆ ಹಿಂದೆ ಕೂತವರು ಮುಂದಿನ ಸೀಟಿಗೆ ಕಾಲು ಕೊಟ್ಟು ಒತ್ತಿಕೊಳ್ಳುತ್ತಾರೆ, ಅಳತೆ ತಪ್ಪುತ್ತದೆ ಎಂಬುದು ಸೂಪರ್‌ವೈಸರ್ ವಾದ. “ಮೂಟೆಗೆ ಹೇಳಿ ಬ್ರೇಕ್ ಹಾಕ್ತಾರಾ?” ಎಂದು ಕೇಳುತ್ತಾರೆ ಅವರು. ಆದ್ದರಿಂದ ಮೂಟೆಯಕ್ಕ ತಮ್ಮದೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಚಾಲಕನ ಎಡಗಿವಿಯ ಹಿಂದೆ ಒಂದು ನರವಿದೆ. ಕಾಲು ಬ್ರೇಕಿನ ಮೇಲೆ ಬೀಳುವ ಮುಂಚೆ ಅದು ಎದ್ದು ನಿಲ್ಲುತ್ತದೆ.

“ಕಿಟಕಿ ಆಚೆ ನಾನು ಏನೂ ನೋಡಲ್ಲ. ಆ ನರ ನೋಡ್ತಾ ಕೂತಿರ್ತೀನಿ. ಎದ್ದಿತೋ, ಹಲ್ಲು ಕಚ್ಚಿ ಚೀಲ ಅವಚ್ಕೊಂಡೆ.” ಆಮೇಲೆ ತಾವೇ ನಗುತ್ತಾರೆ. “ಈಗ ಬಸ್ಸಲ್ಲೂ ಅದೇ ಆಗಿದೆ. ಡ್ರೈವರ್ ಹಿಂದೆ ನಿಂತು ಅವನ ಕುತ್ತಿಗೆ ನೋಡ್ತಿರ್ತೀನಿ. ಮೊನ್ನೆ ಒಬ್ಬ ತಿರುಗಿ ಕೇಳೇಬಿಟ್ಟ, ಏನಮ್ಮ, ಸಾಲ ಗೀಲ ಇಸ್ಕೊಂಡಿದ್ದೀನಾ ನಿಮ್ಮತ್ರ, ಅಂತ.”

ಆ ನರದ ಯಜಮಾನ ಕಡಿಮೆ ಮಾತಿನವನು. ನಾದಿನಿ ಕೂತಿದ್ದ ಕಾರನ್ನು ಓಡಿಸಿದ್ದೂ ಅವನೇ. ಆ ದಿನದ ಬಗ್ಗೆ ಕೇಳಿದರೆ ಕೈಯೊರೆಸುವ ಬಟ್ಟೆಯನ್ನು ಮಡಚುತ್ತಾ, ಬಿಚ್ಚುತ್ತಾ ನಿಲ್ಲುತ್ತಾನೆ. “ತುಳಿ ಅಂದ್ರು, ತುಳಿದೆ,” ಅನ್ನುತ್ತಾನೆ. ಇನ್ನೂ ಏನೋ ಹೇಳುವವನಿದ್ದ. ಸೂಪರ್‌ವೈಸರ್ ಇತ್ತ ತಿರುಗಿದ್ದು ಕಂಡು ಬಿಳಿ ಕಾರಿನ ಕಡೆ ನಡೆಯುತ್ತಾನೆ.

ಬಿಳಿ ಕಾರು ಹತ್ತುವಾಗ ಮೂಟೆಯಕ್ಕ ಬಾಗಿಲ ಬಳಿ ನಿಂತು ಒಮ್ಮೆ ಕಣ್ಣು ಮುಚ್ಚುತ್ತಾರೆ. ಹಮಾಲಣ್ಣ ಅವರ ಚೀಲ ಇಸಿದುಕೊಳ್ಳುತ್ತಾನೆ. ಅವರು ಕೂತು ಬೆಲ್ಟು ಹಾಕಿಕೊಂಡ ಮೇಲೆ ವಾಪಸು ಕೊಡುತ್ತಾನೆ. ಚೀಲ ಬೆಲ್ಟಿನ ಮೇಲೆ ಇರಲಿ, ಕೆಳಗೆ ಬೇಡ ಎಂದು ಮೂವರೂ ಸೇರಿ ಮಾಡಿಕೊಂಡ ಏರ್ಪಾಡು ಇದು. ಮೇಲಿದ್ದರೆ ಬ್ರೇಕಿಗೆ ಚೀಲ ಮುಂದಕ್ಕೆ ಹಾರಿ ಮಂಡಿಗೆ ಬಡಿಯುತ್ತದೆ. ಬಡಿಯಲಿ, ಬೆನ್ನಿಗಿಂತ ಮಂಡಿ ವಾಸಿ. ಅವರ ಎರಡೂ ಮಂಡಿ ನೀಲಿಗಟ್ಟಿವೆ.

ಮಧ್ಯಾಹ್ನದ ಹೊತ್ತಿಗೆ ಅವರ ಮನೆ. ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಗಿರಣಿ ತಿರುಗುತ್ತಿದ್ದರೆ ನೆಲ ನಡುಗುತ್ತದೆ, ಗೂಡಿನಲ್ಲಿಟ್ಟ ಲೋಟಗಳು ಒಂದನ್ನೊಂದು ಮುಟ್ಟಿ ಸದ್ದು ಮಾಡುತ್ತವೆ. ಬಾಗಿಲ ಪಕ್ಕ ಹಲಗೆಯ ಮಂಚದ ಮೇಲೆ ನಾದಿನಿ ಮಲಗಿದ್ದಾರೆ. ನಡುಕ ಬೆನ್ನಿಗೆ ತಾಗದಿರಲೆಂದು ಮಂಚದ ನಾಲ್ಕೂ ಕಾಲಿನ ಕೆಳಗೆ ಹಳೇ ಟೈರಿನ ತುಂಡು ಇಟ್ಟಿದ್ದಾರೆ. ಮೂವತ್ತರ ಪ್ರಾಯ. ಮೊದಲು ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದವರು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯಬೇಕಾದರೆ ಯಾರದಾದರೂ ಹೆಗಲು ಬೇಕು. ಎಡಗಾಲಿನಲ್ಲಿ ಜೋಮು. ಇನ್ನೊಂದು ಶಸ್ತ್ರಚಿಕಿತ್ಸೆ ಆಗದಿದ್ದರೆ ಅದು ಬಲಗಾಲಿಗೂ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅದರ ಖರ್ಚು ಸಂಸ್ಥೆಯೇ ಕೊಡಬೇಕು. ಸಂಸ್ಥೆಯ ಪ್ರಕಾರ ಕಾರಿನಲ್ಲಿ ಮನುಷ್ಯರೇ ಇರಲಿಲ್ಲ.

“ಗುಡಿಸುವಾಗ ಜಾರಿ ಬಿದ್ದೆ ಅಂತ ಬರ್ಕೊಡು, ಆಸ್ಪತ್ರೆಗೆ ಏನಾದ್ರೂ ನೋಡೋಣ ಅಂದ್ರು,” ಎನ್ನುತ್ತಾರೆ ನಾದಿನಿ. “ಪೊರಕೆ ಹಿಡ್ಕೊಂಡು ನೂರರ ಸ್ಪೀಡಲ್ಲಿ ಗುಡಿಸ್ತಿದ್ದೆ ಅಂತ ಬರೀಲಾ ಅಂತ ಕೇಳ್ದೆ. ಸಿಟ್ಟು ಬಂತು ಅವರಿಗೆ.”

ಅಣ್ಣ, ಅಂದರೆ ಮೂಟೆಯಕ್ಕನ ಗಂಡ, ಗೋಡೆಗೆ ಬಣ್ಣ ಬಳಿಯುವವರು. ಕರೆದರೆ ಕೆಲಸ, ಇಲ್ಲದಿದ್ದರೆ ಇಲ್ಲ. ತಂಗಿ ಹಾಸಿಗೆ ಹಿಡಿದಾಗ ಆ ಸೀಟಿಗೆ ತಾನೇ ಹೋಗುತ್ತೇನೆ ಎಂದು ಹೊರಟಿದ್ದರು. “ನನ್ನನ್ನ ತೂಗಿದ್ರು, ಆಮೇಲೆ ಹೆಗಲು ಅಳೆದ್ರು,” ಅನ್ನುತ್ತಾರೆ ಹೊಸ್ತಿಲ ಮೇಲೆ ಕೂತು. “ನಡುವಿಗೆ ಅಗಲ ಜಾಸ್ತಿ ಅಂದ್ರು. ಮನೇಲಿ ಇನ್ಯಾರಾದ್ರೂ ಸಣಕಲು ಇದ್ದಾರಾ ಅಂತ ಕೇಳಿದ್ರು.” ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತದೆ.

ನಾದಿನಿ ಸುಮ್ಮನೆ ಮಲಗಿಲ್ಲ. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಕಚೇರಿಗೆ ದೂರು ಕೊಟ್ಟಿದ್ದಾರೆ. ಆ ಕಚೇರಿಯ ಅಧಿಕಾರಿ ಈ ವಾರ ಯಾವ ದಿನವಾದರೂ ಬಂದು, ಪರೀಕ್ಷೆಯ ಕಾರುಗಳಲ್ಲಿ ಜನರನ್ನು ಕೂರಿಸುತ್ತಾರೋ ಮರಳನ್ನೋ ಎಂದು ಕಣ್ಣಾರೆ ನೋಡಿ ಹೋಗುತ್ತಾರೆ. ಜನರಿದ್ದರೆ ನಾದಿನಿಯ ಮಾತು ನಿಜ. ಮರಳಿದ್ದರೆ ಆಕೆ ಸುಳ್ಳಿ, ದೂರು ಅಲ್ಲಿಗೇ ಮುಕ್ತಾಯ. ಹಮಾಲಣ್ಣ, ಡ್ರಮ್ಮು ಇಬ್ಬರೂ ಅಂದು ಸೀಟಿನಲ್ಲಿ ಮರಳೇ ಇತ್ತೆಂದು ಹೆಬ್ಬೆಟ್ಟು ಒತ್ತಿ ಆಗಿದೆ. ಒತ್ತದಿದ್ದರೆ ಮರುದಿನ ಗೇಟು ತೆರೆಯುತ್ತಿರಲಿಲ್ಲ.

ಸುದ್ದಿ ಮುಟ್ಟಿ ಸಂಸ್ಥೆಯೂ ಸಿದ್ಧವಾಗಿದೆ. ಹೊಸ ಮರಳಿನ ಚೀಲಗಳು ಬಂದಿವೆ. ಸೀಟಿ ಊದಿದ ಕೂಡಲೇ ಮೂವರೂ ಕಾರಿನಿಂದ ಇಳಿದು, ಪೊರಕೆ ಹಿಡಿದು, ಶೆಡ್ಡಿನ ಹಿಂದಕ್ಕೆ ಹೋಗಿ ನಿಲ್ಲಬೇಕು. ಇದನ್ನು ಅಭ್ಯಾಸವೂ ಮಾಡಿಸಿದ್ದಾರೆ. ಕಾರಿನ ವೇಗ ಅಳೆಯುವ ಗಡಿಯಾರದಲ್ಲೇ ಇವರು ಇಳಿಯುವ ವೇಗವನ್ನೂ ಅಳೆದಿದ್ದಾರೆ. ನಡುವಿನಿಂದ ಬರಬೇಕಾದ ಮೂಟೆಯಕ್ಕ ಪ್ರತಿಸಲವೂ ತಡ, ಪ್ರತಿಸಲವೂ ಬೈಗುಳ.

ಇಳಿದರೆ ನಾದಿನಿಯ ಕಾಲು ಹೋಗುತ್ತದೆ. ಇಳಿಯದಿದ್ದರೆ ಮೂವರ ಅನ್ನ ಹೋಗುತ್ತದೆ. ಮೂಟೆಯಕ್ಕ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ. ನಾದಿನಿಗೆ ಹೇಳಬೇಕಾಗಿಯೂ ಇಲ್ಲ.

“ಇಳಿದುಬಿಡು ಅತ್ತಿಗೆ,” ಎನ್ನುತ್ತಾರೆ ಆಕೆ, ಮೇಲ್ಛಾವಣಿ ನೋಡುತ್ತಾ. “ನಿನ್ನ ಕೆಲಸಾನೂ ಹೋದ್ರೆ ಮನೆಗೆ ಅನ್ನ ಎಲ್ಲಿಂದ? ಅಣ್ಣನಿಗೆ ಯಾರಾದ್ರೂ ಕರೆದ್ರೆ ತಾನೇ ಕೆಲಸ.”

“ನೀನು ಸುಮ್ನೆ ಮಲಕ್ಕೋ. ಅಧಿಕಾರಿ ಬರೋ ದಿನ ನಾನು ಯಾವ ಕಾರಲ್ಲಿರ್ತೀನೋ ಏನೋ.”

“ನೀಲೀಲಿ ಇದ್ರೆ ಒಳ್ಳೇದು. ಫೋಟೋಗೆ ಚೆನ್ನಾಗಿ ಕಾಣುತ್ತೆ.”

ಇಬ್ಬರೂ ನಗುತ್ತಾರೆ. ಅಷ್ಟರಲ್ಲಿ ಕೆಳಗೆ ಗಿರಣಿ ಶುರುವಾಗಿ ಲೋಟಗಳು ಅಲುಗುತ್ತವೆ. ನಾದಿನಿ ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿಯುತ್ತಾರೆ, ಮೂಟೆಯಕ್ಕ ತಮಗರಿವಿಲ್ಲದೆಯೇ ಹಲ್ಲು ಕಚ್ಚುತ್ತಾರೆ. ಒಂದೇ ಮನೆಯ ಇಬ್ಬರು ಹೆಂಗಸರು ಒಂದೇ ಹೊಡೆತಕ್ಕೆ ಕಾಯುತ್ತಿರುವುದನ್ನು ನೋಡಬೇಕಾದರೆ ಆ ಕೋಣೆಗೆ ಹೋಗಬೇಕು. ಯಾವ ಕಾರು ಪತ್ರಿಕೆಯೂ ಆ ಮೆಟ್ಟಿಲು ಹತ್ತಿಲ್ಲ.

ಎರಡು ದಿನ ಕಳೆದಿದೆ. ಮತ್ತೆ ಬೆಳಗಿನ ಹೊತ್ತು, ಮತ್ತೆ ಗುಡಿಸಿದ ಓಡುದಾರಿ. ಇವತ್ತು ಬ್ರೇಕುಗಳ ಹೋಲಿಕೆ ಮಾತ್ರ. ನೀಲಿ ಕಾರಿನದು ಮುಗಿದಿದೆ. ಬಿಳಿ ಕಾರು ಹೊರಡುವ ಗೆರೆಯ ಮೇಲೆ ನಿಂತಿದೆ, ಎಂಜಿನ್ ಓಡುತ್ತಿದೆ, ಹಿಂದೆ ಮೂವರೂ ಕೂತಿದ್ದಾರೆ. ಮೂಟೆಯಕ್ಕನ ಕಣ್ಣು ಚಾಲಕನ ಕಿವಿಯ ಹಿಂದೆ ನೆಟ್ಟಿದೆ.

ದೂರದ ಗೇಟಿನಲ್ಲಿ ಒಂದು ಬೂದುಬಣ್ಣದ ಜೀಪು ಕಾಣಿಸುತ್ತದೆ. ಕಾವಲುಗಾರ ಕೈ ಅಡ್ಡ ಹಿಡಿಯುತ್ತಾನೆ. ಜೀಪಿನಿಂದ ಒಬ್ಬ ಹೆಂಗಸು ಇಳಿದು ಏನೋ ಕಾಗದ ತೋರಿಸುತ್ತಾರೆ. ಕಾವಲುಗಾರ ಕೈ ಇಳಿಸುತ್ತಾನೆ.

ಸೀಟಿ ಕೇಳಿಸುತ್ತದೆ.

ಎಡಬಾಗಿಲಿನಿಂದ ಹಮಾಲಣ್ಣ, ಬಲಬಾಗಿಲಿನಿಂದ ಡ್ರಮ್ಮು ಇಳಿಯುತ್ತಾರೆ. ಅಭ್ಯಾಸ ಮಾಡಿಸಿದಂತೆಯೇ. ಮೂರು ಮರಳಿನ ಚೀಲ ಆಗಲೇ ತಳ್ಳುಗಾಡಿಯಲ್ಲಿ ಬರುತ್ತಿವೆ. ಡ್ರಮ್ಮು ನಾಲ್ಕು ಹೆಜ್ಜೆ ಓಡಿ, ಹಿಂದಕ್ಕೆ ತಿರುಗಿ ನೋಡಿ ನಿಂತುಬಿಡುತ್ತಾನೆ. ಕಾರಿನ ಎರಡೂ ಬಾಗಿಲು ತೆರೆದಿವೆ. ನಡುವಿನ ಸೀಟು ಖಾಲಿಯಾಗಿಲ್ಲ.

“ಏಯ್ ಮೂಟೆ, ಇಳಿ,” ಎನ್ನುತ್ತಾ ಸೂಪರ್‌ವೈಸರ್ ಓಡಿ ಬರುತ್ತಾರೆ. “ಕಿವಿ ಕೇಳಿಸಲ್ವಾ? ಬೆಲ್ಟು ಬಿಚ್ಚು, ಇಳಿ.”

ಮೂಟೆಯಕ್ಕನ ಕೈ ಬೆಲ್ಟಿನ ಗುಂಡಿಯ ಮೇಲಿದೆ. ಅವರು ಗುಂಡಿ ಒತ್ತುವುದಿಲ್ಲ.

“ಬೆಲ್ಟು ಸಿಕ್ಕಾಕೊಂಡಿದ್ಯಾ?”

“ಇಲ್ಲ ಸಾರ್.”

“ಮತ್ತೆ?”

ಸೂಪರ್‌ವೈಸರ್ ಚಾಲಕನ ಕಡೆ ತಿರುಗುತ್ತಾರೆ. “ಗಾಡಿ ತೆಗಿ. ಇವಳನ್ನ ಕೂರಿಸ್ಕೊಂಡೇ ಶೆಡ್ಡಿನ ಹಿಂದಕ್ಕೆ ಹೊಡಿ. ಬೇಗ.”

ಚಾಲಕ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಾನೆ. ಗೇರಿನ ಮೇಲೆ ಕೈ ಇಡುತ್ತಾನೆ, ತೆಗೆಯುತ್ತಾನೆ. “ಬಾಗಿಲು ತೆಗೆದಿದೆ ಸಾರ್,” ಎಂದಷ್ಟೇ ಹೇಳಿ ಕೆಳಗಿಳಿದು, ಬಾಗಿಲು ಹಾಕಲು ಹೊರಟವನಂತೆ ಕಾರಿನ ಹಿಂದಿನಿಂದ ಸುತ್ತಿ ಬರುತ್ತಾನೆ. ಎಡಬಾಗಿಲ ಬಳಿ ನಿಲ್ಲುತ್ತಾನೆ. ಹಾಕುವುದಿಲ್ಲ.

ಅಧಿಕಾರಿ ನಡೆದೇ ಬರುತ್ತಿದ್ದಾರೆ. ಬೆಳಗಿನ ಬಿಸಿಲಿಗೆ ಕೈ ಮರೆ ಮಾಡಿ ಕಾರಿನ ಕಡೆ ನೋಡುತ್ತಿದ್ದಾರೆ. ಸೂಪರ್‌ವೈಸರ್ ಬಾಗಿಲೊಳಗೆ ಅರ್ಧ ಬಾಗುತ್ತಾರೆ. ಅವರ ದನಿ ತಗ್ಗಿದೆ.

“ನೋಡು, ನಾಳೆಯಿಂದ ಗೇಟು ಹತ್ತಿರಾನೂ ಸೇರಿಸಲ್ಲ. ನಿನ್ನ ಗಂಡನ್ನೂ ಈ ಕಡೆ ಯಾರೂ ಕೆಲಸಕ್ಕೆ ಕರೀದೇ ಇರೋ ಹಾಗೆ ಮಾಡ್ತೀನಿ. ಗೊತ್ತಾಯ್ತಾ?”

“ಗೊತ್ತಾಯ್ತು ಸಾರ್.”

“ಗೊತ್ತಾಯ್ತಲ್ಲ, ಇಳಿ ಮತ್ತೆ.”

“ಇಳಿಯಲ್ಲ ಸಾರ್.”

ನೂರರ ವೇಗದಲ್ಲಿ ಹಳದಿ ಗೆರೆ ಬರುವಾಗ ಮೂಟೆಯಕ್ಕನ ಮುಖದಲ್ಲಿ ಎಂಥ ಹೆದರಿಕೆ ಇರುತ್ತದೋ, ನಿಂತ ಕಾರಿನಲ್ಲಿ ಈಗ ಅದಕ್ಕಿಂತ ಹೆಚ್ಚಿದೆ. ಹೆಜ್ಜೆಗಳ ಸದ್ದು ಹತ್ತಿರವಾಗಿದೆ. ಸೂಪರ್‌ವೈಸರ್ ಒಮ್ಮೆ ಹಿಂದಕ್ಕೆ ನೋಡಿ ಮತ್ತೆ ಬಾಗುತ್ತಾರೆ. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರ ಬಾಯಿಂದ ಮೂಟೆಯಕ್ಕನಿಗೆ ಬಹುವಚನ ಬರುತ್ತದೆ.

“ಆಯ್ತಮ್ಮ, ಇಳೀಬೇಡಿ. ಇಲ್ಲೇ ಕೂತಿರಿ. ಕೇಳಿದ್ರೆ, ಗುಡಿಸ್ತಾ ಇದ್ದೆ, ತಲೆ ಸುತ್ತು ಬಂತು, ಒಂದು ಗಳಿಗೆ ನೆರಳಿಗೆ ಅಂತ ಕೂತೆ ಅನ್ನಿ. ಅಷ್ಟು ಸಾಕು. ಅಷ್ಟು ಹೇಳಿದ್ರೆ ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಹೇಳ್ತೀರಲ್ಲ?”

ಮೂಟೆಯಕ್ಕ ಬೆಲ್ಟಿನ ಗುಂಡಿಯ ಮೇಲಿದ್ದ ಕೈ ತೆಗೆದು ಮುಂದಿನ ಸೀಟಿನ ಬೆನ್ನು ಹಿಡಿಯುತ್ತಾರೆ.

“ಹೇಳಲ್ಲ,” ಅನ್ನುತ್ತಾರೆ. “ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್. ಅವರಿಗೆ ಕಾಣಿಸ್ತಾ ಇಲ್ಲ.”